ಬೂಷ್ಟು ಹಿಡಿದ ಶೇಂಗಾ ಹಿಂಡಿಗೆ ಹೊಟ್ಟು, ಇದ್ದಿಲು ಬೆರೆಸಬಹುದಾ?

ಪ್ರಶ್ನೆ (ಚಳ್ಳಕೆರೆ): ಡಾಕ್ಟ್ರೇ, ಶೇಂಗಾ ಹಿಂಡಿ ಚೀಲದ ತಳದಲ್ಲಿ ಹಸಿರು ಬೂಷ್ಟು ಬಂದಿದೆ. ಎಚ್‌ಎಫ್ ತಳಿ ಹಸು, ದಿನಕ್ಕೆ 12 ಲೀಟರ್ ಹಾಲು. ಭತ್ತದ ಹೊಟ್ಟು ಇಲ್ಲಾಂದ್ರೆ ಕರಟದ ಇದ್ದಿಲು ಪುಡಿ ಮಾಡಿ ಬೆರೆಸಿದ್ರೆ ವಿಷ ಹೀರ್ಕೊಳ್ಳುತ್ತೆ ಅಂತಾರೆ. ಎಷ್ಟು ಹಾಕ್ಬೇಕು?

ಉತ್ತರ (ಪಶು ಆಹಾರ ತಜ್ಞರು): ಏನೂ ಹಾಕಬೇಡಿ, ಆ ಚೀಲ ಕೊಡುವುದನ್ನೇ ನಿಲ್ಲಿಸಿ. ಲೆಕ್ಕ ನೋಡಿ: ಹಿಂಡಿಯಲ್ಲಿ ಕೆಜಿಗೆ 200 ಮೈಕ್ರೊಗ್ರಾಂ ಅಫ್ಲಾಟಾಕ್ಸಿನ್ ಬಿ1 (ಬೂಷ್ಟು ಉಗುಳುವ ವಿಷ) ಇದೆ ಅಂದುಕೊಳ್ಳಿ. ದಿನಕ್ಕೆ 2 ಕೆಜಿ ತಿಂದರೆ 400. ಅದರಲ್ಲಿ ಶೇ 2ರಷ್ಟು ಹಸುವಿನ ಮೈಯಲ್ಲಿ ಎಂ1 ಎಂಬ ರೂಪಕ್ಕೆ ಬದಲಾಗಿ ಹಾಲಿಗೆ ಇಳಿದರೂ 8 ಮೈಕ್ರೊಗ್ರಾಂ, ಅಂದರೆ ಲೀಟರಿಗೆ 0.67. ಹಾಲಿಗಿರುವ ಮಿತಿ 0.5. ಹಿಂಡಿ ನಿಲ್ಲಿಸಿದ ಮೂರ್ನಾಲ್ಕು ದಿನದಲ್ಲಿ ಹಾಲಿನಿಂದ ಈ ವಿಷ ಹೋಗುತ್ತದೆ.

ಹೊಟ್ಟು, ಇದ್ದಿಲು ವಿಷವನ್ನು ಕೊಲ್ಲುವುದಿಲ್ಲ. ಹೆಚ್ಚೆಂದರೆ ತಮಗೆ ಅಂಟಿಸಿಕೊಂಡು ಸಗಣಿಯಲ್ಲಿ ಹೊರಗೆ ಸಾಗಿಸುತ್ತವೆ, ಅಷ್ಟೇ. ಅಂಟಲು ಸಣ್ಣ ರಂಧ್ರಗಳು ಬೇಕು. ಒಲೆಯಲ್ಲಿ ಸುಟ್ಟ ಕರಟದಲ್ಲಿ ಅವು ಕಡಿಮೆ, ಕಾರ್ಖಾನೆಯ ಆಕ್ಟಿವೇಟೆಡ್ ಇದ್ದಿಲಿನಲ್ಲಿ ಜಾಸ್ತಿ. ಆದರೆ ಅದು ವಿಟಮಿನ್ನು, ಔಷಧಿಯನ್ನೂ ಹಿಡಿದುಕೊಳ್ಳುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ (ಮರಳಿನಂಥ ಅಂಶ), ಗಟ್ಟಿ ನಾರು ಜಾಸ್ತಿ, ಸರಿಯಾಗಿ ಜೀರ್ಣವಾಗದು. ಹೊಟ್ಟೆ ತುಂಬಿಸಿ ಹಾಲು ಇಳಿಸುತ್ತದೆ.

ಪ್ರಶ್ನೆ (ವಿಜಯಪುರ): ಸರ್, ನಮ್ಮ ಕಡೆ ವೈನರಿಯಿಂದ ದ್ರಾಕ್ಷಿ ಹಿಪ್ಪೆ ಸಿಗ್ತದ. ಅದ ನಡೀತದೇನ್ರೀ?

ಉತ್ತರ: ಹೊಲದ ತ್ಯಾಜ್ಯದಲ್ಲಿ ನನಗೆ ಭರವಸೆ ಇರುವುದು ಇದರ ಮೇಲೆಯೇ. 2014ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗಾಲಯದ ಅಧ್ಯಯನದಲ್ಲಿ ಇದು ಅಫ್ಲಾಟಾಕ್ಸಿನ್ ಚೆನ್ನಾಗಿ ಹಿಡಿಯಿತು, ಮೆಕ್ಕೆಜೋಳ, ಗೋಧಿಯಲ್ಲಿ ಬರುವ ಡಾನ್ ಎಂಬ ಇನ್ನೊಂದು ಬೂಷ್ಟು ವಿಷವನ್ನು ಹೆಚ್ಚುಕಮ್ಮಿ ಮುಟ್ಟಲೇ ಇಲ್ಲ. ಗಾಜಿನ ಕೊಳವೆಯ ಫಲಿತಾಂಶ ಹಸುವಿನ ಹೊಟ್ಟೆಯಲ್ಲಿ ಹಾಗೇ ಬರುತ್ತದೆ ಅಂದುಕೊಳ್ಳಬೇಡಿ. ಹಸಿ ಹಿಪ್ಪೆಗೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ. ಹಿಂಡಿದ ದಿನವೇ ಸಿಮೆಂಟ್ ಕಣದಲ್ಲಿ ಬೆರಳಿನಷ್ಟು ದಪ್ಪಕ್ಕೆ ಹರಡಿ, ಆಗಾಗ ಮಗುಚಿ, ಬೀಜ ಕಡಿದರೆ ಟಕ್ ಅನ್ನುವ ತನಕ ಒಣಗಿಸಿ. ಆಮೇಲೆ ಹಿಟ್ಟಿನಷ್ಟು ನುಣ್ಣಗೆ ಬೀಸಬೇಕು. ತರಿ ಇದ್ದರೆ ಅಂಟುವ ಮೈ ಕಡಿಮೆ. ತೋಟಕ್ಕೆ ಹೊಡೆದ ಔಷಧಿಯ ಉಳಿಕೆ ನೋಡದೆ ಕೊಡಬೇಡಿ.

ವಿಷ ಅಂಟಿಸಿಕೊಳ್ಳಲು ಸದ್ಯಕ್ಕೆ ನಂಬಬಹುದಾದ್ದು ಬೆಂಟೋನೈಟ್ ಎಂಬ ಜೇಡಿಮಣ್ಣು: ಪಶು ಆಹಾರಕ್ಕೆಂದೇ ಮಾರುವುದನ್ನು ಕ್ವಿಂಟಲ್ ತಿಂಡಿಗೆ 1 ಕೆಜಿ. ಮೊದಲು 5 ಕೆಜಿ ತೌಡಿನಲ್ಲಿ ಕಲಸಿ, ಆಮೇಲೆ ಪೂರ್ತಿಗೆ ಬೆರೆಸಿ. ನೇರ ಸುರಿದರೆ ಒಂದು ಬುಟ್ಟಿಗೆ ಮುದ್ದೆ, ಇನ್ನೊಂದಕ್ಕೆ ಸೊನ್ನೆ. ಇದೂ ಅಲ್ಪಸ್ವಲ್ಪ ವಿಷಕ್ಕೇ, ಕಣ್ಣಿಗೆ ಕಾಣುವ ಬೂಷ್ಟಿಗಲ್ಲ.

ಪ್ರಶ್ನೆ (ಚಳ್ಳಕೆರೆ): ಬೂಷ್ಟು ಕೆರೆದು, ಹಿಂಡಿ ಬೇಯಿಸಿ ಕೊಟ್ರೆ? ಇಲ್ಲಾ ಕೋಳಿಗೆ ಹಾಕ್ಲಾ?

ಉತ್ತರ: ಕುದಿಯುವ ನೀರಿಗೆ ಅಫ್ಲಾಟಾಕ್ಸಿನ್ ಜಗ್ಗುವುದಿಲ್ಲ. ಕೆರೆದರೆ ಹೋಗುವುದು ಬೂಷ್ಟು, ವಿಷ ಒಳಗೇ ಇರುತ್ತದೆ. ಕೋಳಿಗೂ ಬೇಡ, ಬಾತುಕೋಳಿಗಂತೂ ಬೇಡವೇ ಬೇಡ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಗೆ ಹಾಕಿ ಮುಚ್ಚಿ.

ಮುಂದಿನ ಚೀಲ ನೆಲಕ್ಕಿಡದೆ ಹಲಗೆ ಮೇಲಿಡಿ, ಗೋಡೆಯಿಂದ ಒಂದಡಿ ಬಿಟ್ಟು. ಮೆಕ್ಕೆಜೋಳ ಕೊಳ್ಳುವಾಗ ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿಯುಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಜಾಸ್ತಿ. ಆ ಕಾಳು ಒಣಗಿಸದೆ ಚೀಲ ಕಟ್ಟಬೇಡಿ.