‘ಮಾಲಂಗಿ ಮಡುವಾಗಲಿ’: ಮಡು ಅಂದರೆ ಸುಳಿಯೋ, ಆಳದ ನೀರೋ?

ಗೆಳೆಯರೇ, ನಮಸ್ಕಾರ.

ಮೈಸೂರು ಅರಮನೆ ನೋಡಲು ಹೋದವರ ಕಿವಿಗೆ ಈ ಮಾತು ಬಿದ್ದೇ ಬೀಳುತ್ತದೆ: “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ.” ಅಲಮೇಲಮ್ಮನ ಶಾಪ. ಮರಳು ಗೊತ್ತು, ಮಕ್ಕಳು ಗೊತ್ತು. ನನ್ನ ಪ್ರಶ್ನೆ ನಡುವಿನ ಮಾತಿನ ಬಗ್ಗೆ. ಇಲ್ಲಿ ‘ಮಡು’ ಅಂದರೆ ಏನು?

ಕೇಳುವುದಕ್ಕೆ ಕಾರಣ ಇದೆ. ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವವರು ಮಡುವಿಗೆ ‘ವರ್ಲ್‌ಪೂಲ್’ ಎಂದು ಬರೆಯುವುದೇ ಜಾಸ್ತಿ. ಅದನ್ನು ಓದಿದವರು ಮತ್ತೆ ಕನ್ನಡಕ್ಕೆ ತರುವಾಗ ‘ನೀರಿನ ಸುಳಿ’ ಎಂದು ಅರ್ಥ ಹೇಳುತ್ತಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸುಳಿ ಬೇರೆ, ಮಡು ಬೇರೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣ ಆಳುತ್ತಿದ್ದವನು ತಿರುಮಲರಾಯ. ಕಥೆಯಲ್ಲಿ ಶ್ರೀರಂಗರಾಯ ಎಂದೂ ಕರೆಯುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ರಾಯ ತಲಕಾಡಿಗೆ ಹೋಗಿ ಅಲ್ಲೇ ತೀರಿಕೊಂಡ. ಅವನ ಹೆಂಡತಿ ಅಲಮೇಲಮ್ಮನ ಹತ್ತಿರ ಒಡವೆಗಳಿದ್ದವು. ಶ್ರೀರಂಗನಾಯಕಿ ಅಮ್ಮನವರಿಗೆ ಪೂಜೆಯ ದಿನ ತೊಡಿಸುತ್ತಿದ್ದ ಒಡವೆಗಳು ಅವು. ಅವನ್ನು ತರಲು ಒಡೆಯರ ಕಡೆಯವರು ಹೋದರು. ಮುತ್ತಿನ ಮೂಗುತಿ ಒಂದನ್ನು ಕೊಟ್ಟು, ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು ಅವಳು ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳು. ಹಾರುವಾಗ ಆಡಿದ ಮಾತು ಇದು ಎಂಬುದು ಜನರ ಬಾಯಲ್ಲಿ ಉಳಿದುಬಂದ ಕಥೆ. ಅರಮನೆಯವರು ಅಲಮೇಲಮ್ಮನ ವಿಗ್ರಹಕ್ಕೆ ಇಂದಿಗೂ ಪೂಜೆ ಸಲ್ಲಿಸುತ್ತಾರೆ.

ಈಗ ಪದಕ್ಕೆ ಬರೋಣ. ಹೊಳೆಯಲ್ಲಿ ತಳ ಕೊರೆದು ಆಳವಾದ ಜಾಗ, ಬೇಸಿಗೆಯಲ್ಲಿ ಸುತ್ತಲಿನ ಹರಿವು ಬತ್ತಿದರೂ ನೀರು ನಿಂತೇ ಇರುವ ಜಾಗ, ಅದು ಮಡು. ಮೇಲೆ ನೋಡಿದರೆ ನೀರು ಅಲುಗುವುದೇ ಇಲ್ಲ. ಮೀನು ಸಿಗುವುದು ಅಲ್ಲೇ, ಈಜು ಬಾರದವರು ಮುಳುಗುವುದೂ ಅಲ್ಲೇ. ಕಾಳಿಂಗ ಅಡಗಿದ್ದದ್ದು ಮಡುವಿನಲ್ಲಿ. ‘ಕಾಳಿಂಗನ ಮಡು’ ಎನ್ನುತ್ತೇವೆಯೇ ಹೊರತು ಕಾಳಿಂಗನ ಸುಳಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ದಿನಬಳಕೆಯನ್ನೂ ನೋಡಿ. ಪೇಪರಿನವರು ‘ರಕ್ತದ ಮಡುವಿನಲ್ಲಿ ಬಿದ್ದಿದ್ದ’ ಎಂದು ಬರೆಯುತ್ತಾರೆ. ಹರಿಯದೆ ನಿಂತ ರಕ್ತ ಎಂದು ತಾನೇ ಅರ್ಥ? ‘ದುಃಖ ಮಡುಗಟ್ಟಿದೆ’, ‘ಮನೆಯಲ್ಲಿ ಮೌನ ಮಡುಗಟ್ಟಿತ್ತು’ ಎನ್ನುವಾಗಲೂ ಹಾಗೇ. ಹೊರಗೆ ಹರಿದುಹೋಗದೆ ಒಳಗೇ ತುಂಬಿ ನಿಂತದ್ದು ಮಡುಗಟ್ಟುತ್ತದೆ. ಸುಳಿಯ ಜಾಡು ಬೇರೆ. ಅದು ತಿರುಗಬೇಕು. ಸುಳಿಗಾಳಿ ತಿರುಗುತ್ತದೆ, ಮಗುವಿನ ನೆತ್ತಿಯ ಸುಳಿಯಲ್ಲಿ ಕೂದಲು ತಿರುಗಿರುತ್ತದೆ. ಪಕ್ಕದ ಭಾಷೆಗಳೂ ನನ್ನ ಕಡೆಗೇ ಇವೆ. ತಮಿಳಿನ ‘ಮಡು’, ತೆಲುಗಿನ ‘ಮಡುಗು’ ಎರಡೂ ನಿಂತ ನೀರಿನ ಅರ್ಥದವೇ.

ಗೊಂದಲ ಎಲ್ಲಿಂದ ಬಂತು ಅಂತ ಊಹಿಸಬಹುದು. ಹೊಳೆ ತುಂಬಿ ಬಂದಾಗ ಮಡುವಿನ ಮೇಲೆ ಸುಳಿ ಏಳುವುದುಂಟು. ಎರಡೂ ಒಂದೇ ಜಾಗದಲ್ಲಿ ಕಂಡಾಗ ಹೆಸರು ಬೆರೆಯುವುದು ಸಹಜ. ಆದರೆ ನೀರು ಇಳಿದ ಮೇಲೆ ಸುಳಿ ಹೋಗುತ್ತದೆ, ಮಡು ಅಲ್ಲೇ ಇರುತ್ತದೆ. ಒಂದು ಊರನ್ನು ಶಪಿಸುವವರು ಉಳಿಯುವುದನ್ನೇ ಹೇಳುತ್ತಾರೆ ಅಲ್ವಾ?

ಮಡುವನ್ನು ಆಳದ ನೀರು ಎಂದು ಓದಿಕೊಂಡರೆ ಶಾಪದ ಮೊದಲೆರಡು ಮಾತುಗಳು ಜೋಡಿಯಾಗಿ ಕೂಡುತ್ತವೆ. ನನಗೆ ತುಂಬಾ ಹಿಡಿಸಿದ್ದು ಇದೇ. ತಲಕಾಡಿನ ಹತ್ತಿರ ಕಾವೇರಿ ದೊಡ್ಡದಾಗಿ ತಿರುಗುತ್ತಾಳೆ. ತಲಕಾಡು ಈ ದಡ, ಮಾಲಂಗಿ ಎದುರು ದಡ. ತಿರುವಿನಲ್ಲಿ ಯಾವ ಹೊಳೆಯಾದರೂ ಮಾಡುವ ಕೆಲಸ ಒಂದೇ. ಹೊರದಡವನ್ನು ಕೊರೆದು ಆಳ ಮಾಡುತ್ತದೆ, ಒಳದಡಕ್ಕೆ ಮರಳು ತಂದು ಸುರಿಯುತ್ತದೆ. ತಲಕಾಡಿನ ದಡದಲ್ಲಿ ನಿಂತರೆ ಕಾಲಡಿ ಅಗಲಕ್ಕೆ ಮರಳು ಹಾಸು. ಅಂಚಿನ ತೆಳ್ಳನೆ ನೀರಲ್ಲಿ ಜನ ಕೂತು ಮೀಯುತ್ತಾರೆ. ಹರಿಗೋಲು ಹತ್ತಿ ಆಚೆ ಹೋದ ಹಾಗೆ ನೀರಿನ ಬಣ್ಣವೇ ಕಪ್ಪಾಗುತ್ತದೆ. ಒಂದು ದಡ ಮರಳಾಗಲಿ, ಇನ್ನೊಂದು ಮಡುವಾಗಲಿ ಎನ್ನುವುದು ಹೊಳೆಯ ಗುಣ ಬಲ್ಲವರ ಮಾತು. ಅಲಮೇಲಮ್ಮನೇ ಆಡಿದಳೋ, ಆ ದಡದ ಜನ ಆಮೇಲೆ ಕಟ್ಟಿದರೋ, ಕಟ್ಟಿದವರಿಗೆ ಕಾವೇರಿ ಚೆನ್ನಾಗಿ ಗೊತ್ತಿತ್ತು. ‘ಸುಳಿ’ ಎಂದು ಓದಿದರೆ ಈ ಜೋಡಿ ಒಡೆದುಹೋಗುತ್ತದೆ.

ತಲಕಾಡಿಗೆ ಮರಳು ಬಂದದ್ದು ಹೇಗೆ ಎಂಬ ಚರ್ಚೆ ಬೇರೆಯೇ ಇದೆ. ಮೇಲ್ಗಡೆ ಕಟ್ಟಿದ ಮಾಧವ ಮಂತ್ರಿ ಕಟ್ಟೆಯಿಂದ ನೀರು ತಗ್ಗಿ, ಬಯಲಾದ ಮರಳನ್ನು ಗಾಳಿ ಊರ ಮೇಲೆ ಹೊತ್ತು ತಂದಿತು ಎನ್ನುವವರಿದ್ದಾರೆ. ಗಂಗರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿನ ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಈಗಲೂ ಮರಳ ದಿಬ್ಬದ ನಡುವೆ ಮೆಟ್ಟಿಲಿಳಿದೇ ಹೋಗಬೇಕು. ಇಲ್ಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಮರಳೇಶ್ವರ ಎಂದೂ ಬರೆಯುತ್ತಾರೆ, ಮರುಳೇಶ್ವರ ಎಂದೂ ಬರೆಯುತ್ತಾರೆ. ಮರಳಿಗೆ ಹಳಗನ್ನಡದಲ್ಲಿ ‘ಮಳಲ್’ ಎಂಬ ರೂಪ ಇದೆ. ‘ಮರುಳ್’ ಅಂದರೆ ಭೂತ, ಹುಚ್ಚು. ಶಿವನಿಗೆ ಎರಡನೆಯದು ಹೊಂದುತ್ತದೆ, ಊರಿಗೆ ಮೊದಲನೆಯದು. ಮೊದಲು ಮರುಳೇಶ್ವರನಿದ್ದು, ಊರು ಮರಳಾದ ಮೇಲೆ ಜನ ಮರಳೇಶ್ವರ ಅಂದರೇ? ಶಾಸನ ಓದಿದವರು ಹೇಳಬೇಕು.

‘ಮಡುವಾಗಲಿ’ ರೂಪದ ಬಗ್ಗೆಯೂ ಒಂದು ಮಾತು. ಮರಳು ‘ಮರಳಾಗಲಿ’ ಆಯಿತು, ಉಕಾರ ಬಿದ್ದುಹೋಯಿತು. ಮಡು ಮಾತ್ರ ‘ಮಡಾಗಲಿ’ ಆಗಲಿಲ್ಲ, ವಕಾರ ಬಂದು ‘ಮಡುವಾಗಲಿ’ ಆಯಿತು. ಎರಡೇ ಅಕ್ಷರದ, ಮೊದಲನೆಯದು ಗಿಡ್ಡ ಇರುವ ಹಸು, ಕರು, ನಡು ಇಂಥ ಪದಗಳ ದಾರಿಯೇ ಇದು: ಹಸುವಿನ, ಕರುವಿನ, ನಡುವಿನ. ನಾಡು ಮಾತ್ರ ನಾಡಿನ. ಇದರ ಜೊತೆಗೆ ಇಡೀ ಮಾತಿನಲ್ಲಿ ಮಕಾರ ಹೇಗೆ ಓಡುತ್ತದೆ ಕೇಳಿ. ಮರಳು, ಮಾಲಂಗಿ, ಮಡು, ಮೈಸೂರು, ಮಕ್ಕಳು. ತಲಕಾಡು, ದೊರೆ ಬಿಟ್ಟರೆ ಉಳಿದದ್ದೆಲ್ಲ ಮ. ಬಾಯಿಂದ ಬಾಯಿಗೆ ಬಂದು ನುಣುಪಾದ ಸಾಲು ಇದು.

ಮೂರನೆಯ ಮಾತಿನಲ್ಲಿ ಪಾಠಭೇದ ಜಾಸ್ತಿ. ‘ಮಕ್ಕಳಾಗದಿರಲಿ’, ‘ಮಕ್ಕಳಿಲ್ಲದೆ ಹೋಗಲಿ’ ಎರಡನ್ನೂ ಕೇಳಿದ್ದೇನೆ. ‘ದೊರೆಗೆ’ ಎನ್ನುವವರಿದ್ದಾರೆ, ‘ದೊರೆಗಳಿಗೆ’ ಎನ್ನುವವರೂ ಇದ್ದಾರೆ. ಇದು ಸಣ್ಣ ವ್ಯತ್ಯಾಸ ಅಲ್ಲ. 1617ರಲ್ಲಿ ರಾಜ ಒಡೆಯರ ನಂತರ ಪಟ್ಟಕ್ಕೆ ಬಂದವರು ಅವರ ಮೊಮ್ಮಗ ಚಾಮರಾಜ ಒಡೆಯರು. ಮೊಮ್ಮಗ ಇದ್ದ ದೊರೆಗೆ ‘ಮಕ್ಕಳಾಗದಿರಲಿ’ ಎನ್ನುವುದು ಹೇಗೆ? ಹಾಗಾಗಿ ‘ಇಲ್ಲದೆ ಹೋಗಲಿ’ ಎಂಬ ಪಾಠವೇ ಹಳೆಯದಿರಬಹುದು ಎಂದು ನನಗೆ ಅನಿಸುತ್ತದೆ. ಬಹುವಚನದ ‘ದೊರೆಗಳಿಗೆ’ ಆಮೇಲಿನದು ಇರಬೇಕು. 1865ರಲ್ಲಿ ಮುಮ್ಮಡಿಯವರು ದತ್ತು ತೆಗೆದುಕೊಂಡದ್ದು, ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಪಟ್ಟಕ್ಕೆ ಬಂದದ್ದು, ಇವನ್ನೆಲ್ಲ ಕಂಡ ಜನ ಶಾಪವನ್ನು ಇಡೀ ವಂಶಕ್ಕೆ ಹಿಗ್ಗಿಸಿದ ಹಾಗೆ ಕಾಣುತ್ತದೆ. ‘ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿನ ದೊರೆಗೆ ಮಕ್ಕಳಾಗುವುದಿಲ್ಲ’ ಎಂದು ಜನ ಕೊಡುವ ವಿವರಣೆಯಂತೂ ಮೂಲದ ಮಾತಿನಲ್ಲಿ ಎಲ್ಲೂ ಇಲ್ಲ.

ಈಗ ನಾವು ನೋಡುವ ಅರಮನೆಗೂ ಶಾಪದ ಕಾಲಕ್ಕೂ ಮೂರು ಶತಮಾನದ ಅಂತರ ಇದೆ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಮಯದಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿದ ಈ ಅರಮನೆ ಮುಗಿದದ್ದು 1912ರಲ್ಲಿ. ಆದರೂ ಕಥೆ ಈ ಕಟ್ಟಡಕ್ಕೇ ಅಂಟಿಕೊಂಡಿದೆ.

ತಿಳಿದವರಲ್ಲಿ ನಾನು ಕೇಳುವುದು ಇಷ್ಟು. ಮಡುವನ್ನು ಸುಳಿ ಎಂಬ ಅರ್ಥದಲ್ಲಿ ಬಳಸಿದ ಹಳೆಯ ಪ್ರಯೋಗ ಯಾರಿಗಾದರೂ ಸಿಕ್ಕಿದೆಯೇ? ಸಿಕ್ಕಿದ್ದರೆ ಸಾಲು ಸಮೇತ ಹಾಕಿ, ನನ್ನ ವಾದ ಬಿಡಲು ಸಿದ್ಧ. ಮಾಲಂಗಿ, ಮಾಲಿಂಗಿ ಎರಡರಲ್ಲಿ ಆ ಊರಿನವರು ಯಾವುದನ್ನು ಆಡುತ್ತಾರೆ? ತಲಕಾಡು, ತಿರುಮಕೂಡಲು, ಕೊಳ್ಳೇಗಾಲದ ಕಡೆಯವರು ಮನೆಯಲ್ಲಿ ಹಿರಿಯರು ಹೇಳುವ ರೂಪದಲ್ಲೇ ಮೂರೂ ಮಾತನ್ನು ಬರೆದು ಕಳಿಸಿ. ತಿದ್ದಬೇಡಿ, ಅವರು ಹೇಳಿದ ಹಾಗೇ ಇರಲಿ.