ಗಂಟಲಿಗೆ ಕೊಳವೆ ಬೇಡವೆಂದು ಅಪ್ಪ ಸ್ಲೇಟಿನಲ್ಲಿ ಬರೆದಿದ್ದಾರೆ, ಅದಕ್ಕೆ ಬೆಲೆ ಇದೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಿವೃತ್ತ ಮೇಷ್ಟ್ರಾದ ನಮ್ಮ ತಂದೆಯವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ನಡೆಸುವ ನರಗಳು ಸೋಲುತ್ತಾ ಹೋಗುವ ರೋಗ) ಇರುವುದು ತಿಳಿದು ಒಂದೂವರೆ ವರ್ಷವಾಯಿತು. ಮಾತು ಬಹುತೇಕ ಹೋಗಿದೆ, ಗಂಜಿ ಕುಡಿದರೂ ನೆತ್ತಿಗೇರುತ್ತದೆ. ಹೋದ ವಾರ ಮೊಮ್ಮಗಳ ಸ್ಲೇಟಿನ ಮೇಲೆ ‘ಗಂಟಲು ಕೊಯ್ಸಬೇಡಿ’ ಎಂದು ಬರೆದು ತೋರಿಸಿದರು, ಅಂದರೆ ಉಸಿರಾಟದ ಯಂತ್ರಕ್ಕಾಗಿ ಗಂಟಲು ಕೊಯ್ದು ಕೊಳವೆ ಹಾಕಿಸುವುದು ಬೇಡವೆಂದು. ಹಾಗೆ ಬಿಡುವುದು ಆತ್ಮಹತ್ಯೆಗೆ ಸಮ ಎಂದು ನಮ್ಮ ಅಣ್ಣ ಹೇಳುತ್ತಾನೆ. ಅಪ್ಪನ ಮಾತಿಗೆ ಕಾನೂನಿನ ಬಲವಿದೆಯೇ?

ಉತ್ತರ: ನಿಮ್ಮ ಅಣ್ಣನವರ ಆಕ್ಷೇಪವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಐಸಿಯು ಬಾಗಿಲಿನಲ್ಲಿ ಕಾಗದಪತ್ರಗಳಿಗಿಂತ ಹೆಚ್ಚು ತೊಡಕಾಗುವುದು ಅದೇ. ಪ್ರಾಣ ಹೋಗಲೆಂದು ಚುಚ್ಚುಮದ್ದು ಕೊಡುವುದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ಗುಣವಾಗದ ಕಾಯಿಲೆಯಲ್ಲಿ ಯಂತ್ರದ ನೆರವನ್ನು ರೋಗಿ ಬೇಡವೆನ್ನುವುದು ಬೇರೆ ವಿಷಯ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಘನತೆಯಿಂದ ಸಾಯುವ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ತೀರ್ಪಿತ್ತಿದೆ.

ಇನ್ನು ಸ್ಲೇಟಿನ ವಿಚಾರ. ಈ ಕಾಯಿಲೆಯಲ್ಲಿ ನಾಲಿಗೆ ಮತ್ತು ಕೈಕಾಲು ಸೋತರೂ ಅನೇಕರ ಬುದ್ಧಿ ಚುರುಕಾಗಿಯೇ ಉಳಿಯುತ್ತದೆ. ಮಾತಾಡಲಾರದವರನ್ನು ಏನೂ ತಿಳಿಯದವರೆಂದು ಭಾವಿಸಿ ಮಕ್ಕಳನ್ನು ಹೊರಗೆ ಕರೆದು ಕೇಳುವ ಅಭ್ಯಾಸ ನಮ್ಮ ವೈದ್ಯರಲ್ಲೂ ಇದೆ, ಅದು ತಪ್ಪು. ವಿಷಯವನ್ನು ತಿಳಿದು ನಿರ್ಧರಿಸುವ ಶಕ್ತಿ ತಂದೆಯವರಿಗೆ ಇರುವವರೆಗೆ ಆ ಸ್ಲೇಟಿನ ಬರಹವೇ ಅವರ ಉತ್ತರ, ಮಕ್ಕಳ ಸಹಿ ಅದನ್ನು ಮೀರಲಾರದು. ಆದರೆ ಉಸಿರಾಟ ಕುಗ್ಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮಂಪರು ಕವಿದ ರಾತ್ರಿಯಲ್ಲಿ ಅವರು ಬರೆಯಲಾರರು. ಮುಂಚಿತ ವೈದ್ಯಕೀಯ ನಿರ್ದೇಶನ, ಅಂದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್ ಎಂಬ ಪತ್ರ, ಬೇಕಾಗುವುದು ಆಗ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಅದನ್ನು ಮಾಡಿಸಲು ಕೋರ್ಟಿಗೆ ಅಲೆಯಬೇಕೇ?

ಉತ್ತರ: ಈಗ ಬೇಕಿಲ್ಲ. 2018ರ ಆ ತೀರ್ಪಿನ ನಿಯಮದಂತೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಮರಣಶಯ್ಯೆಯಲ್ಲಿರುವವರಿಂದ ಅದನ್ನು ನಿರೀಕ್ಷಿಸಿದ್ದೇ ವಿಚಿತ್ರ. ಐಸಿಯು ವೈದ್ಯರ ಸಂಘವೇ ನ್ಯಾಯಾಲಯದ ಮೊರೆಹೋದ ಮೇಲೆ 2023ರ ಜನವರಿಯಲ್ಲಿ ನಿಯಮ ಸಡಿಲಾಯಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲಿ ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಪ್ರತಿಯನ್ನು ಕುಟುಂಬ ವೈದ್ಯರಿಗೂ ಕೊಡಿ, ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.

ಚಿಕಿತ್ಸೆ ನಿಲ್ಲಿಸುವ ಹೊತ್ತಿಗೆ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಬಳಿಕ ಮೂವರ ಎರಡನೆಯ ಮಂಡಳಿ ಒಪ್ಪಬೇಕು. ಎರಡೂ ಆದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಹೇಳಬೇಕು. ಎರಡನೆಯ ಮಂಡಳಿಯ ಒಬ್ಬ ವೈದ್ಯರನ್ನು ಜಿಲ್ಲಾ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡುತ್ತಾರೆ. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಆಸ್ಪತ್ರೆಯಲ್ಲಿ ‘ನಮಗೆ ಗೊತ್ತಿಲ್ಲ’ ಎಂದರೆ ಅದರ ಪ್ರತಿಯನ್ನು ಮುಂದಿಡಿ.

ಪ್ರಶ್ನೆ (ಮೊದಲು ಕೇಳಿದವರ ಅಣ್ಣ): ಹಾಗಾದರೆ ಅಪ್ಪ ಉಸಿರಿಗಾಗಿ ಒದ್ದಾಡುವುದನ್ನು ನೋಡುತ್ತಾ ಕೂರಬೇಕೇ?

ಉತ್ತರ: ಖಂಡಿತ ಇಲ್ಲ, ಸರ್. ವೆಂಟಿಲೇಟರ್ ಬೇಡವೆಂದವರಿಗೆ ಆರೈಕೆ ನಿಲ್ಲುವುದಿಲ್ಲ. ಅಳತೆಯಿಟ್ಟು ಕೊಡುವ ಮಾರ್ಫಿನ್ ಏದುಸಿರಿನ ಯಾತನೆಯನ್ನು ತಗ್ಗಿಸುತ್ತದೆ, ಜೊಲ್ಲು ಇಂಗಿಸಲು ಮತ್ತು ಗಾಬರಿ ಇಳಿಸಲು ಬೇರೆ ಔಷಧಗಳಿವೆ. ಬೆಂಗಳೂರಿನ ಕರುಣಾಶ್ರಯದಂತಹ ಕೆಲವೆಡೆ ಇಂತಹ ಉಪಶಾಮಕ ಆರೈಕೆ ಉಚಿತವಾಗಿಯೇ ಸಿಗುತ್ತದೆ, ಆದರೆ ಅಲ್ಲಿ ಮುಖ್ಯವಾಗಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಾರೆ, ಆದ್ದರಿಂದ ಮೊದಲೇ ವಿಚಾರಿಸಿ.

ಒಂದನ್ನು ಗಮನಿಸಿ. ತಂದೆಯವರು ಬರೆದಿರುವುದು ಗಂಟಲು ಕೊಯ್ಯುವುದರ ಬಗ್ಗೆ ಮಾತ್ರ. ರಾತ್ರಿ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಕೊಡುವ ಬೈಪ್ಯಾಪ್ ಯಂತ್ರವಾಗಲಿ, ಹೊಟ್ಟೆಗೆ ನೇರವಾಗಿ ಆಹಾರ ಕೊಡುವ ಕೊಳವೆಯಾಗಲಿ ಬೇಡವೆಂದು ಅವರು ಎಲ್ಲೂ ಹೇಳಿಲ್ಲ. ಒಮ್ಮೆ ಬೇಕೆಂದು ಆಮೇಲೆ ಬೇಡವೆನ್ನಲೂ, ಬರೆದದ್ದನ್ನು ಹಿಂತೆಗೆದುಕೊಳ್ಳಲೂ ಅವರಿಗೆ ಅವಕಾಶವಿದೆ. ಕೈಯಲ್ಲಿ ಬಳಪ ನಿಲ್ಲುವಷ್ಟು ಶಕ್ತಿ ಇರುವಾಗಲೇ ನೀವಿಬ್ಬರೂ ಪಕ್ಕದಲ್ಲಿ ಕುಳಿತು, ಒಂದೊಂದನ್ನೇ ಬಿಡಿಸಿ ಕೇಳಿ, ಉತ್ತರ ಬರೆಯಲು ಬಿಡಿ.