ಮೆಫ್ಟಾಲ್ ಬ್ಯಾನ್ ಆಯ್ತಂತೆ!

2023ರ ಡಿಸೆಂಬರ್, ನಮ್ಮ ಕುಟುಂಬದ ವಾಟ್ಸಾಪ್ ಗುಂಪು. ಗುಡ್ ಮಾರ್ನಿಂಗ್ ಹೂವುಗಳನ್ನು ಬಿಟ್ಟು ಉಳಿದದ್ದು ಇಷ್ಟು.

ಶಾಂತತ್ತೆ: ⚠️ ಎಚ್ಚರ! ಮುಟ್ಟಿನ ನೋವಿನ ಮಾತ್ರೆ ಮೆಫ್ಟಾಲ್ ಬ್ಯಾನ್! ಹಾರ್ಟು, ಲಿವರು, ಕಿಡ್ನಿ ಎಲ್ಲಾ ಹೋಗುತ್ತೆ! ಹೆಣ್ಮಕ್ಕಳಿರುವ ಮನೆಗಳಿಗೆಲ್ಲ ಕಳಿಸಿ!!

ಶಾಂತತ್ತೆ: ನಾನು ಆವತ್ತೇ ಹೇಳಿದ್ದೆ. ಯಾರು ಕೇಳ್ತಾರೆ?

ರಘು: ಅತ್ತೆ, ಬ್ಯಾನ್ ಅಂತ ಹೇಳಿದ್ದು ಯಾರು?

ಶಾಂತತ್ತೆ: ಎಲ್ಲಾ ಗುಂಪಲ್ಲೂ ಬಂದಿದೆಯಪ್ಪ.

ದೊಡ್ಡಪ್ಪ: ಈಗಿನವರಿಗೆ ಎಲ್ಲದಕ್ಕೂ ಮಾತ್ರೆ. ಜೀರಿಗೆ ಕಷಾಯ ಕುಡಿದರೆ ಯಾವ ಹೊಟ್ಟೆನೋವೂ ಉಳಿಯುವುದಿಲ್ಲ.

ಪದ್ಮ ಚಿಕ್ಕಮ್ಮ: ಭಾವ, ಮುಟ್ಟಿನ ನೋವು ನಿಮಗೆ ಯಾವಾಗ ಬಂದಿತ್ತು?

(ದೊಡ್ಡಪ್ಪ ಬಹಳ ಹೊತ್ತು ಟೈಪ್ ಮಾಡಿದರು. ಏನೂ ಬರಲಿಲ್ಲ.)

ವಿನು: ಕಷಾಯ ಅಂದ್ರೆ ಅಜ್ಜಿದು! ಆ ಹಿತ್ತಾಳೆ ಲೋಟ ಈಗ ಯಾರ ಮನೇಲಿದೆ?

ಪದ್ಮ ಚಿಕ್ಕಮ್ಮ: ಆ ವಿಷಯ ಈಗ ಬೇಡ.

ರಘು: ಬ್ಯಾನ್ ಅಲ್ಲ. ಔಷಧಿಗಳ ಗುಣಮಟ್ಟ ನೋಡುವ ಗಾಜಿಯಾಬಾದ್‌ನ ಸರ್ಕಾರಿ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನವೆಂಬರ್ 30ಕ್ಕೆ ಕೊಟ್ಟ ಎಚ್ಚರಿಕೆ. ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಸಿಡ್‌ನಿಂದ ಡ್ರೆಸ್ ಸಿಂಡ್ರೋಮ್ ಅನ್ನೋ ಗಂಭೀರ ಅಲರ್ಜಿ ಬರಬಹುದು, ಗಮನಿಸಿ ಅಂತ.

ಸುಮಕ್ಕ (ಫಾರ್ಮಸಿಸ್ಟ್): ಅಪರೂಪ, ಆದರೆ ಸಣ್ಣದಲ್ಲ. ಜ್ವರ, ಮೈಮೇಲೆ ದದ್ದು, ಲಿವರ್‌ಗೂ ಪೆಟ್ಟು. ಮಾತ್ರೆ ಶುರುವಾಗಿ 2ರಿಂದ 8 ವಾರಕ್ಕೆ ಕಾಣಿಸುತ್ತದೆ. ಅಷ್ಟರಲ್ಲಿ ಮಾತ್ರೆ ನುಂಗಿದ್ದೇ ಮರೆತಿರುತ್ತೇವೆ.

ಶಾಂತತ್ತೆ: ಹೋದ ವರ್ಷ ಮಂಡಿನೋವಿನ ಮಾತ್ರೆಗೆ ನನಗೂ ದದ್ದು ಬಂದಿತ್ತು. ಒಬ್ಬರಾದರೂ ನೋಡೋಕೆ ಬಂದ್ರಾ?

ಸುಮಕ್ಕ: ಅದನ್ನ ವರದಿ ಮಾಡಿದ್ರಾ ಅತ್ತೆ? ಆ ಕಮಿಷನ್ನಿನ ಸಹಾಯವಾಣಿ 1800-180-3024, ಫ್ರೀ. ಡಾಕ್ಟರೇ ಮಾಡಬೇಕು ಅಂತಿಲ್ಲ, ಕನ್ನಡದಲ್ಲೂ ಫಾರಂ ಇದೆ. ಮಾತ್ರೆ ಮೇಲೆ ಅನುಮಾನ ಇದ್ದರೆ ಸಾಕು. ಇಂಥ ವರದಿಗಳನ್ನು ನೋಡಿಯೇ ಈ ಎಚ್ಚರಿಕೆ ಕೊಟ್ಟಿದ್ದು.

ದೊಡ್ಡಪ್ಪ: ಆಮೇಲೆ ಕೋರ್ಟು ಕಚೇರಿ ಅಲೆಯುವವರು ಯಾರು?

ಸುಮಕ್ಕ: ಇದು ಕೇಸಲ್ಲ ದೊಡ್ಡಪ್ಪ. ಹೆಸರೂ ಹೊರಗೆ ಬರೋದಿಲ್ಲ.

ರಘು: ಅತ್ತೆ ನೂರು ಜನಕ್ಕೆ ಫಾರ್ವರ್ಡ್ ಮಾಡ್ತಾರೆ, ಒಂದು ಫೋನ್ ಮಾಡಲ್ಲ.

ಶಾಂತತ್ತೆ: ಗೃಹಪ್ರವೇಶಕ್ಕೆ ವಾಟ್ಸಾಪಲ್ಲಿ ಕರೆದವನು ನೀನು. ಫೋನಿನ ಮಾತು ನಿನಗೆ ಬೇಡ.

ವಿನು: 🙏🙏

ಪದ್ಮ ಚಿಕ್ಕಮ್ಮ: ನಮ್ಮನ್ನ ಅದಕ್ಕೂ ಕರೆದಿರಲಿಲ್ಲ.

ರಘು: ಚಿಕ್ಕಮ್ಮ, ಕರೆದಿದ್ದೆ. ಬ್ಲೂ ಟಿಕ್ ಬಂದಿತ್ತು.

(ಇಲ್ಲಿಂದ ಐವತ್ತಕ್ಕೂ ಜಾಸ್ತಿ ಮೆಸೇಜು ಗೃಹಪ್ರವೇಶದ್ದೇ. ಊಟಕ್ಕೆ ಹೋಳಿಗೆ ಕಮ್ಮಿ ಬಿದ್ದಿದ್ದೂ ಹೊರಗೆ ಬಂತು.)

ಸುಮಕ್ಕ: ಅತ್ತೆ, ಆ ಮಾತ್ರೆ ಹೆಸರೇನು?

ಶಾಂತತ್ತೆ: ಬಿಳಿ. ಉದ್ದಕ್ಕಿತ್ತು.

ಸುಮಕ್ಕ: ಸ್ಟ್ರಿಪ್ ಇದೆಯಾ?

ಶಾಂತತ್ತೆ: ಅಣ್ಣ ಬಚ್ಚಲೊಲೆಗೆ ಹಾಕಿದ.

ದೊಡ್ಡಪ್ಪ: ನಾನ್ಯಾಕೆ ಹಾಕಲಿ?

ವಿನು: ಆ ಒಲೇಲಿ ಹಲಸಿನ ಬೀಜ ಸುಡ್ತಿದ್ವಲ್ಲ!

ಸುಮಕ್ಕ: ಡಾಕ್ಟರ ಚೀಟಿ ಇದ್ರೆ ನನಗೊಬ್ಬಳಿಗೆ ಕಳಿಸಿ ಅತ್ತೆ. ಗುಂಪಿಗೆ ಬೇಡ.

(ಚೀಟಿ ಗುಂಪಿಗೇ ಬಂತು. ತಲೆಕೆಳಗಾಗಿ. ಮಾತ್ರೆ ಹೆಸರಿನ ಮೇಲೆ ಹಾಲಿನ ಲೆಕ್ಕ ಬರೆದಿತ್ತು.)